ಸರ್ ಥಾಮಸ್ ಮನ್ರೋ: ಸೇನಾನಿಯಾಗಿ, ಆಡಳಿತಗಾರನಾಗಿ

ನಾಡನ್ನು ಗೆಲ್ಲುವುದು ಒಂದು ವಿದ್ಯೆ. ಗೆದ್ದ ನಾಡನ್ನು ಆಳುವುದು ಬೇರೊಂದು ವಿದ್ಯೆ. ಮೊದಲನೆಯದರಲ್ಲಿ ನಿಪುಣರಾದವರೆಲ್ಲರೂ ಎರಡನೆಯದರಲ್ಲಿಯೂ ನಿಪುಣರಾಗುವರೆಂಬ ನಿಯಮವಿಲ್ಲ. ಕೋಟೆಗಳನ್ನು ಹಿಡಿದ ಅನೇಕ ಸೇನಾನಿಗಳು ಕಚೇರಿಯ ಗಾದಿಯನ್ನೇರಿದೊಡನೆ ಪ್ರಜೆಗಳಿಗೆ ಭಾರವಾದುದನ್ನು ಇತಿಹಾಸ ಹೇಳುತ್ತದೆ. ಈ ಮಾತಿಗೆ ಬಹುಮಟ್ಟಿಗೆ ಅಪವಾದವೆನಿಸಿದವರಲ್ಲಿ ಸರ್ ಥಾಮಸ್ ಮನ್ರೋ ಒಬ್ಬನು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಕೆಡೆಟ್ ಆಗಿ ಸೇರಿ, ಮೇಜರ್ ಜನರಲ್ ಪದವಿಯವರೆಗೆ ಏರಿ, ಮದರಾಸು ಪ್ರಾಂತದ ಗವರ್ನರನಾಗಿ ಅಧಿಕಾರದಲ್ಲಿದ್ದಾಗಲೇ ಮಡಿದ ಈತನ ಜೀವನದ ಮುಖ್ಯ ಘಟ್ಟಗಳು ಕನ್ನಡ ನಾಡಿನೊಡನೆ ಹೆಣೆದುಕೊಂಡಿವೆ. ಕರಾವಳಿಯ ಕನ್ನಡ ಜಿಲ್ಲೆ, ಬಳ್ಳಾರಿ ಸೀಮೆ, ಧಾರವಾಡದಿಂದ ಬೆಳಗಾವಿಯವರೆಗಿನ ಪ್ರದೇಶ ಈ ಮೂರರಲ್ಲಿಯೂ ಅವನ ಕಾರ್ಯದ ಗುರುತುಗಳಿವೆ. ಹೊಲವನ್ನು ಅಳೆಯುವ ಸರಪಣಿಯಿಂದ ಹಿಡಿದು ಹಳ್ಳಿಯ ಕೂಲಿಮಠದಲ್ಲಿ ಅಕ್ಷರ ತಿದ್ದುವ ಮಕ್ಕಳ ಎಣಿಕೆಯವರೆಗೆ ಅವನ ದೃಷ್ಟಿ ಹರಿದಿತ್ತು. ವಿದ್ಯಾಸಂಸ್ಥೆಗಳನ್ನು ಕಟ್ಟುವವರೂ ನಡೆಸುವವರೂ ಅವನ ಜೀವನದಿಂದ ತಿಳಿಯಬೇಕಾದ ಅಂಶಗಳು ಕೆಲವಿವೆ. ಅವುಗಳಲ್ಲಿ ಅವನ ಗುಣಗಳಷ್ಟೇ ಅವನ ಕೊರತೆಗಳೂ ಬೋಧಪ್ರದವಾಗಿವೆ.

ಸೈನ್ಯದಲ್ಲಿ ಮೊದಲ ವರ್ಷಗಳು

ಥಾಮಸ್ ಮನ್ರೋ ಹುಟ್ಟಿದುದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ೧೭೬೧ನೆಯ ಮೇ ತಿಂಗಳಲ್ಲಿ. ಅವನ ತಂದೆ ಅಮೆರಿಕದೊಡನೆ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ ಅನುಕೂಲಸ್ಥ. ಅಮೆರಿಕದ ಸ್ವಾತಂತ್ರ್ಯಯುದ್ಧದಿಂದ ಆ ವ್ಯಾಪಾರ ಮುರಿದುಬಿದ್ದು ಮನೆತನ ಬಡತನಕ್ಕಿಳಿಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ್ದ, ಡಾನ್ ಕ್ವಿಕ್ಸೋಟನ ಕಥೆಯನ್ನು ಮೂಲದಲ್ಲಿಯೇ ಓದಬೇಕೆಂದು ಸ್ಪ್ಯಾನಿಷ್ ಭಾಷೆಯನ್ನು ಕಲಿತಿದ್ದ ಈ ತರುಣ ಜೀವನೋಪಾಯಕ್ಕಾಗಿ ಕಂಪನಿಯ ಸೇನೆಯನ್ನು ಸೇರಿ ೧೭೮೦ರ ಆರಂಭದಲ್ಲಿ ಮದರಾಸಿಗೆ ಬಂದಿಳಿದನು. ಅದೇ ವರ್ಷ ಹೈದರಾಲಿಯು ಕರ್ನಾಟಿಕ್ ಪ್ರದೇಶದ ಮೇಲೆ ದಂಡೆತ್ತಿ ಬಂದನು. ಪೊಳ್ಳಿಲೂರಿನಲ್ಲಿ ಬೇಲಿಯ ಸೇನೆ ನಾಶವಾದ ಆ ಯುದ್ಧದಲ್ಲಿ ಮನ್ರೋ ಮುಖ್ಯ ಸೇನೆಯೊಡನಿದ್ದು ಕಂಪನಿಯ ಅಪಮಾನವನ್ನು ಕಣ್ಣಾರೆ ಕಂಡನು.

ಆ ಬಳಿಕ ಹನ್ನೆರಡು ವರ್ಷಗಳವರೆಗೆ ಅವನದು ಕೆಳದರ್ಜೆಯ ಅಧಿಕಾರಿಯ ಬದುಕು. ಸಂಬಳ ಅಲ್ಪ, ಅದರಲ್ಲಿಯೂ ತಂದೆತಾಯಿಗಳಿಗೆ ಹಣ ಕಳುಹಿಸಬೇಕು. ಭಾರತಕ್ಕೆ ಬಂದ ಮೇಲೆಯೇ ಹಸಿವು, ದಣಿವು, ದಾರಿದ್ರ್ಯಗಳು ಏನೆಂಬುದನ್ನು ತಾನು ಅರಿತೆನೆಂದು ಅವನು ಮನೆಗೆ ಬರೆದ ಕಾಗದದಲ್ಲಿ ಹೇಳಿಕೊಂಡಿದ್ದಾನೆ. ಆದರೆ ಆ ಬಿಡುವಿನ ವರ್ಷಗಳನ್ನು ಅವನು ವ್ಯರ್ಥವಾಗಿ ಕಳೆಯಲಿಲ್ಲ. ಪಾರಸಿ, ಹಿಂದೂಸ್ತಾನಿ ಭಾಷೆಗಳನ್ನು ಕಲಿತನು. ಊರೂರು ಅಲೆದು ಜನರೊಡನೆ ಮಾತನಾಡಿದನು. ಅವನ ಮುಂದಿನ ಏಳಿಗೆಗೆ ಕಾರಣವಾದುದು ರಣರಂಗದ ಸಾಹಸಕ್ಕಿಂತ ಹೆಚ್ಚಾಗಿ ಈ ಭಾಷಾಜ್ಞಾನವೇ.

೧೭೯೨ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಬಾರಾಮಹಲ್ ಸೀಮೆಯನ್ನು, ಎಂದರೆ ಇಂದಿನ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿ ಭಾಗಗಳನ್ನು, ಕಂಪನಿಗೆ ಬಿಟ್ಟುಕೊಟ್ಟನು. ಮದರಾಸಿನ ಸಿವಿಲ್ ಅಧಿಕಾರಿಗಳಲ್ಲಿ ದೇಶಭಾಷೆಗಳನ್ನು ಬಲ್ಲವರು ವಿರಳವಾಗಿದ್ದುದರಿಂದ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಆ ಸೀಮೆಯ ಆಡಳಿತವನ್ನು ಅಲೆಗ್ಸಾಂಡರ್ ರೀಡ್ ಎಂಬ ಸೈನ್ಯಾಧಿಕಾರಿಗೆ ವಹಿಸಿದನು. ರೀಡನ ಸಹಾಯಕರಲ್ಲಿ ಮನ್ರೋ ಒಬ್ಬನಾದನು. ರೈತನಿಗೂ ಸರ್ಕಾರಕ್ಕೂ ನಡುವೆ ಜಮೀನ್ದಾರನಾಗಲಿ ಗುತ್ತಿಗೆದಾರನಾಗಲಿ ಇರದೆ, ಪ್ರತಿಯೊಂದು ಹೊಲಕ್ಕೂ ಕಂದಾಯವನ್ನು ಗೊತ್ತುಮಾಡಿ, ಪ್ರತಿಯೊಬ್ಬ ರೈತನಿಗೂ ಪಟ್ಟಾ ಕೊಟ್ಟು, ಅವನಿಂದಲೇ ನೇರವಾಗಿ ವಸೂಲು ಮಾಡುವ ರೈತವಾರಿ ಪದ್ಧತಿ ಇಲ್ಲಿ ರೂಪುಗೊಂಡಿತು. ಮನ್ರೋ ಈ ವಿದ್ಯೆಯನ್ನು ಏಳು ವರ್ಷ ಅಭ್ಯಾಸ ಮಾಡಿದನು.

ಕನ್ನಡ ಜಿಲ್ಲೆಯಿಂದ ಬಳ್ಳಾರಿ ಸೀಮೆಗೆ

೧೭೯೯ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ರಾಜ್ಯದ ಭಾಗಗಳನ್ನು ಹಂಚಿದ ಆಯೋಗಕ್ಕೆ ಜಾನ್ ಮಾಲ್ಕಮನೊಡನೆ ಮನ್ರೋ ಕಾರ್ಯದರ್ಶಿಯಾಗಿದ್ದನು. ಒಡನೆಯೇ ಅವನನ್ನು ಕನ್ನಡ ಜಿಲ್ಲೆಯ ಕಲೆಕ್ಟರನಾಗಿ ಕರಾವಳಿಗೆ ಕಳುಹಿಸಲಾಯಿತು. ಅಲ್ಲಿಯ ಎಡೆಬಿಡದ ಮಳೆಯನ್ನು ಕುರಿತು ಅವನು ಕಾಗದಗಳಲ್ಲಿ ಬೇಸರದಿಂದ ಬರೆದಿದ್ದಾನೆ. ಆದರೂ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಹಳೆಯ ಲೆಕ್ಕಪತ್ರಗಳನ್ನು ಬಿಡಿಸಿ ನೋಡಿ, ವಿಜಯನಗರದ ಕಾಲದ ಕಂದಾಯದ ಕ್ರಮವನ್ನು ಪರಿಶೀಲಿಸಿ, ಆ ಸೀಮೆಯಲ್ಲಿ ಭೂಮಿಯ ಮೇಲಿನ ಖಾಸಗಿ ಒಡೆತನ ಬಹು ಪ್ರಾಚೀನವಾದುದೆಂದು ಸರ್ಕಾರಕ್ಕೆ ವರದಿ ಮಾಡಿದನು. ಆಜ್ಞೆಗಿಂತ ಮೊದಲು ವಿಚಾರಣೆ ಎಂಬ ಅವನ ರೀತಿ ಇಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ.

೧೮೦೦ರಲ್ಲಿ ಹೈದರಾಬಾದಿನ ನಿಜಾಮನು, ಮೈಸೂರು ಯುದ್ಧಗಳಿಂದ ತನ್ನ ಪಾಲಿಗೆ ಬಂದಿದ್ದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂದು ಹೆಸರಾದ ಈ ವಿಸ್ತಾರವಾದ ಪ್ರದೇಶದಲ್ಲಿ ಬಳ್ಳಾರಿ, ಅನಂತಪುರ, ಕಡಪ ಭಾಗಗಳು ಸೇರಿದ್ದವು. ಹಂಪೆ, ಹೊಸಪೇಟೆ, ಹರಪನಹಳ್ಳಿಗಳೂ ಅದರೊಳಗೇ ಇದ್ದವು. ಸುಮಾರು ೮೦ ಮಂದಿ ಪಾಳೆಯಗಾರರು, ಅವರ ಆಯುಧಪಾಣಿಗಳಾದ ಪರಿವಾರ, ದಶಕಗಳ ಯುದ್ಧದಿಂದ ಪಾಳುಬಿದ್ದ ಹಳ್ಳಿಗಳು, ಇದು ಮನ್ರೋ ಕೈಗೆತ್ತಿಕೊಂಡ ಸೀಮೆಯ ಸ್ಥಿತಿ. ಪಾಳೆಯಗಾರರಲ್ಲಿ ಕೆಲವರನ್ನು ಅಡಗಿಸಿ, ಕೆಲವರಿಗೆ ವರ್ಷಾಶನ ಕೊಟ್ಟು ಕೂರಿಸಿದ ಕ್ರಮದಲ್ಲಿ ಅವನೊಳಗಿನ ಸೈನಿಕನೇ ಎದ್ದುಕಾಣುತ್ತಾನೆ. ಅದಾದ ಮೇಲೆ ಅವನು ಡೇರೆಯಲ್ಲಿಯೇ ವಾಸಿಸುತ್ತ, ಹಳ್ಳಿಯಿಂದ ಹಳ್ಳಿಗೆ ಸಂಚರಿಸುತ್ತ, ಗೌಡ ಶಾನುಭೋಗರನ್ನೂ ರೈತರನ್ನೂ ಎದುರಿಗೆ ಕುಳ್ಳಿರಿಸಿಕೊಂಡು ಜಮಾಬಂದಿ ನಡೆಸಿದನು.

೧೮೦೨ರಲ್ಲಿ ನಾಲ್ವರು ಗುಮಾಸ್ತರಿಂದ ಆರಂಭವಾದ ಭೂಮಾಪನ ಕಾರ್ಯಕ್ಕೆ ಮುಂದೆ ೧೦೦ ಮಂದಿ ಸೇರಿದರು. ಅವರು ಹಿಡಿದದ್ದು ೩೩ ಅಡಿ ಉದ್ದದ ಸರಪಣಿ. ಆ ಸರಪಣಿಯ ಒಂದು ಚೌಕದಂಥವು ೪೦ ಸೇರಿದರೆ ಒಂದು ಎಕರೆ. ಇಂದಿಗೂ ರೈತನ ಬಾಯಲ್ಲಿರುವ ಗುಂಟೆಯ ಅಳತೆ ಇದೇ ಆಗಿದೆ. ಏಳು ವರ್ಷಗಳಲ್ಲಿ ಸೀಮೆಯ ಭೂಕಂದಾಯ ಸುಮಾರು ೧೦ ಲಕ್ಷ ವರಹಗಳಿಂದ ೧೫ ಲಕ್ಷ ವರಹಗಳಿಗೆ ಏರಿತು. ಕಂಪನಿಯ ದೃಷ್ಟಿಯಲ್ಲಿ ಇದೊಂದು ದೊಡ್ಡ ವಿಜಯ. ಆದರೆ ಈ ವಿಜಯದ ಬೆಲೆಯನ್ನು ಮೊದಲು ಅರಿತವನು ಮನ್ರೋವೇ. ಗೊತ್ತುಮಾಡಿದ ಕಂದಾಯ ಒಟ್ಟು ಬೆಳೆಯ ನೂರಕ್ಕೆ ೪೫ ಪಾಲಿನಷ್ಟಾಗುತ್ತಿತ್ತು. ಅದನ್ನು ಸುಮಾರು ಮೂರನೆಯ ಒಂದು ಪಾಲಿಗೆ ಇಳಿಸದೆ ಭೂಮಿಗೆ ಬೆಲೆಯೂ ಬಾರದು, ರೈತನಿಗೆ ಹುರುಪೂ ಹುಟ್ಟದು ಎಂದು ವಾದಿಸಿ, ನೂರಕ್ಕೆ ೨೫ರಷ್ಟು ರಿಯಾಯತಿಯನ್ನು ಅವನು ೧೮೦೭ರಲ್ಲಿ ಶಿಫಾರಸು ಮಾಡಿದನು. ಮೇಲಿನವರು ಅದನ್ನು ಒಪ್ಪಲಿಲ್ಲ. ಮನ್ರೋ ಅದೇ ವರ್ಷ ಸ್ವದೇಶಕ್ಕೆ ಹೊರಟನು. ಅವನ ಬೆನ್ನ ಹಿಂದೆಯೇ ರೈತವಾರಿ ಪದ್ಧತಿಯನ್ನು ಕೈಬಿಟ್ಟು ಹಳ್ಳಿಗಳನ್ನು ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟರು. ಗುತ್ತಿಗೆದಾರರಲ್ಲಿ ಬಹುಮಂದಿ ಹಾಳಾದರು. ರೈತರ ಪಾಡು ಇನ್ನೂ ಕಷ್ಟವಾಯಿತು.

ಮತ್ತೆ ಸೈನ್ಯದ ಉಡುಪು

೧೮೧೪ರಲ್ಲಿ ನ್ಯಾಯಾಡಳಿತದ ಸುಧಾರಣೆಗಾಗಿ ನೇಮಕವಾದ ಆಯೋಗದ ಮುಖ್ಯಸ್ಥನಾಗಿ ಮನ್ರೋ ಮದರಾಸಿಗೆ ಮರಳಿದನು. ಅದರ ಫಲವಾಗಿ ೧೮೧೬ರಲ್ಲಿ ಬಂದ ಕಾಯಿದೆಗಳು ಊರ ಗೌಡನಿಗೆ ಸಣ್ಣ ವ್ಯಾಜ್ಯಗಳನ್ನು ತೀರಿಸುವ ಮುನ್ಸೀಫನ ಅಧಿಕಾರವನ್ನು ಕೊಟ್ಟವು. ಗ್ರಾಮ ಪಂಚಾಯತಿಗೆ ಕಾನೂನಿನ ಮಾನ್ಯತೆಯನ್ನೂ ತಂದವು. ದೂರದ ಕೋರ್ಟಿನಲ್ಲಿ ಪರಭಾಷೆಯ ನ್ಯಾಯಾಧೀಶನೆದುರು ನಿಲ್ಲುವುದಕ್ಕಿಂತ ತನ್ನೂರಿನವರ ಎದುರು ನಿಲ್ಲುವುದು ರೈತನಿಗೆ ಸುಲಭವೆಂಬುದು ಅವನ ನಂಬಿಕೆಯಾಗಿತ್ತು.

೧೮೧೭ರ ಕೊನೆಯಲ್ಲಿ ಪೇಶ್ವೆ ಎರಡನೆಯ ಬಾಜೀರಾಯನೊಡನೆ ಯುದ್ಧ ಹತ್ತಿಕೊಂಡಾಗ ಮನ್ರೋ ಧಾರವಾಡದಲ್ಲಿದ್ದನು. ಪೇಶ್ವೆಯು ಬಿಟ್ಟುಕೊಟ್ಟಿದ್ದ ಜಿಲ್ಲೆಗಳ ವ್ಯವಸ್ಥೆಗಾಗಿ ಬಂದಿದ್ದ ಅವನ ಕೈಯಲ್ಲಿ ದೊಡ್ಡ ಸೇನೆಯಿರಲಿಲ್ಲ. ಬ್ರಿಗೇಡಿಯರ್ ಜನರಲ್ ಪದವಿ ದೊರೆತರೂ ಅವನಿಗೆ ಸಿಕ್ಕಿದುದು ಕೆಲವೇ ತುಕಡಿಗಳು. ಅವನು ಊರಿನ ಜನರಿಂದಲೇ ಸಿಪಾಯಿಗಳನ್ನು ಕೂಡಿಸಿದನು. ಶತ್ರುವಿನ ವಶದಲ್ಲಿದ್ದ ಪರಗಣೆಗಳಿಗೇ ಅಮಲ್ದಾರರನ್ನು ನೇಮಿಸಿ ಕಳುಹಿಸಿದನು. ಅವನ ಅಮಲ್ದಾರನಾದ ರಾಮರಾಯನು ಇಂತಹ ಜನಬಲದಿಂದಲೇ ನವಲಗುಂದದ ಬಹುಭಾಗವನ್ನು ವಶಪಡಿಸಿಕೊಂಡನು. ಪೇಶ್ವೆಯ ಗುತ್ತಿಗೆದಾರರ ಸುಲಿಗೆಯಿಂದ ಬೇಸತ್ತಿದ್ದ ಜನ ಹೊಸ ಅಧಿಕಾರಿಗಳಿಗೆ ಕಂದಾಯವನ್ನು ಕೊಟ್ಟರು. ಆ ಹಣವೇ ಯುದ್ಧದ ವೆಚ್ಚಕ್ಕಾಯಿತು. ೧೮೧೮ರ ಜನವರಿಯಿಂದ ಏಪ್ರಿಲ್‌ವರೆಗೆ ಗದಗ, ಡಂಬಳ, ಬಾದಾಮಿ, ಬಾಗಲಕೋಟೆ, ಬೆಳಗಾವಿಗಳು ಒಂದಾದ ಮೇಲೊಂದರಂತೆ ವಶವಾದವು. ಮೇ ತಿಂಗಳಲ್ಲಿ ಸೊಲ್ಲಾಪುರವೂ ಬಿದ್ದಿತು. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಮಂತ್ರಿ ಕ್ಯಾನಿಂಗನು ಈ ಕಾರ್ಯವನ್ನು ವಿಶೇಷವಾಗಿ ಕೊಂಡಾಡಿದನು. ಸೂಕ್ಷ್ಮವಾಗಿ ನೋಡಿದರೆ ಮನ್ರೋ ಈ ಯುದ್ಧವನ್ನು ಗೆದ್ದುದು ಸೇನಾಪತಿಯಾಗಿ ಮಾತ್ರವಲ್ಲ, ಕಂದಾಯದ ಅಧಿಕಾರಿಯಾಗಿಯೂ ಹೌದು.

ಗವರ್ನರ್ ಪದವಿ

೧೮೧೯ರಲ್ಲಿ ಮೇಜರ್ ಜನರಲ್ ಪದವಿಯೂ ಸರ್ ಎಂಬ ಬಿರುದೂ ದೊರೆತು, ೧೮೨೦ರ ಜೂನ್ ತಿಂಗಳಲ್ಲಿ ಮನ್ರೋ ಮದರಾಸಿನ ಗವರ್ನರನಾಗಿ ಅಧಿಕಾರ ವಹಿಸಿಕೊಂಡನು. ಅಧೀನ ಅಧಿಕಾರಿಯಾಗಿದ್ದಾಗ ತಾನು ಕೇಳಿ ಪಡೆಯಲಾರದಿದ್ದ ರಿಯಾಯತಿಯನ್ನು ಹದಿಮೂರು ವರ್ಷಗಳ ತರುವಾಯ ದತ್ತಮಂಡಲದ ರೈತರಿಗೆ ಅವನೇ ಕೊಡಮಾಡಿದನು. ಇಷ್ಟು ವರ್ಷ ಒಂದು ಮಾತನ್ನು ಮರೆಯದೆ ಉಳಿಸಿಕೊಂಡದ್ದು ಅವನ ಹಿರಿಮೆ. ಆದರೆ ಆ ಹದಿಮೂರು ವರ್ಷಗಳಲ್ಲಿ ತೆತ್ತವನು ರೈತನೆಂಬುದನ್ನೂ ಮರೆಯುವಂತಿಲ್ಲ.

೧೮೨೪ರ ಡಿಸೆಂಬರ್ ೩೧ರಂದು ಅವನು ಬರೆದ ದೀರ್ಘವಾದ ಟಿಪ್ಪಣಿ ಪ್ರಸಿದ್ಧವಾಗಿದೆ. ಒಂದು ಜನಾಂಗವನ್ನು ಉನ್ನತ ಹುದ್ದೆಗಳಿಂದ ದೂರವಿಟ್ಟು ಅವರ ನಡತೆ ಕೀಳಾಯಿತೆಂದು ದೂರುವುದು ಅನ್ಯಾಯ. ಹೊಣೆಯನ್ನೂ ಗೌರವವನ್ನೂ ಕೊಟ್ಟರೆ ಭಾರತೀಯರು ಅದಕ್ಕೆ ತಕ್ಕವರಾಗುತ್ತಾರೆ. ಮುಂದೊಂದು ದಿನ ಅವರೇ ತಮ್ಮನ್ನು ಆಳಿಕೊಳ್ಳುವಷ್ಟು ಸಮರ್ಥರಾದಾಗ ಬ್ರಿಟಿಷರು ಅಧಿಕಾರವನ್ನು ಬಿಟ್ಟುಕೊಡುವುದೇ ಲೇಸು ಎಂಬುದು ಅದರ ಸಾರ. ಇದೇ ಮನ್ರೋ ೧೮೨೨ರಲ್ಲಿ ಭಾರತದ ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಡಲಾಗದೆಂದು ಅಷ್ಟೇ ದೃಢವಾಗಿ ವಾದಿಸಿದ್ದನು. ಪತ್ರಿಕೆ ಸ್ವತಂತ್ರವಾದರೆ ದೇಶೀಯ ಸೈನಿಕರ ನಿಷ್ಠೆ ಕದಡುವುದೆಂಬುದು ಅವನ ಭಯ. ಜನರನ್ನು ನಂಬಿದ ಆಡಳಿತಗಾರನೂ ಜನರನ್ನು ಶಂಕಿಸಿದ ಸೇನಾನಿಯೂ ಒಬ್ಬನೇ ವ್ಯಕ್ತಿಯಲ್ಲಿ ಕೊನೆಯವರೆಗೂ ಜೊತೆಯಾಗಿದ್ದರು.

ಶಾಲೆಗಳ ಎಣಿಕೆ

ವಿದ್ಯಾಭಿಮಾನಿಗಳು ಮನ್ರೋವನ್ನು ವಿಶೇಷವಾಗಿ ನೆನೆಯಬೇಕಾದುದು ೧೮೨೨ರ ಜೂನ್ ತಿಂಗಳಲ್ಲಿ ಅವನು ಹೊರಡಿಸಿದ ಒಂದು ಆದೇಶಕ್ಕಾಗಿ. ಸರ್ಕಾರವು ಭೂಮಿಯನ್ನು ಅಳೆದಿದೆ, ಬೆಳೆಯನ್ನು ಲೆಕ್ಕಹಾಕಿದೆ. ಆದರೆ ಜನರ ವಿದ್ಯೆಯ ಸ್ಥಿತಿಯನ್ನು ಕುರಿತು ಅದರ ಬಳಿ ಯಾವ ದಾಖಲೆಯೂ ಇಲ್ಲವೆಂದು ಅವನು ಎತ್ತಿ ತೋರಿಸಿದನು. ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಯಾವ ಯಾವ ಜಾತಿಯ ಎಷ್ಟು ಗಂಡು ಹೆಣ್ಣು ಮಕ್ಕಳು ಓದುತ್ತಾರೆ, ಏನು ಓದುತ್ತಾರೆ, ಗುರುವಿಗೆ ಏನು ಕೊಡುತ್ತಾರೆ ಎಂಬುದನ್ನು ತಿಳಿಸಬೇಕೆಂದು ಕಲೆಕ್ಟರುಗಳನ್ನು ಕೇಳಲಾಯಿತು. ಕರಾವಳಿಯ ಕನ್ನಡ ಜಿಲ್ಲೆಯಿಂದ ಎಣಿಕೆಯ ಪಟ್ಟಿ ಬರಲಿಲ್ಲ. ಅಲ್ಲಿ ವಿದ್ಯಾಭ್ಯಾಸ ಹೆಚ್ಚಾಗಿ ಖಾಸಗಿಯಾಗಿ ನಡೆಯುತ್ತದೆಂಬ ಉತ್ತರ ಬಂದಿತು. ಬಳ್ಳಾರಿಯಿಂದ ಬಂದ ಉತ್ತರವಾದರೋ ಇಂದಿಗೂ ಓದತಕ್ಕದ್ದಾಗಿದೆ. ಅದನ್ನು ೧೮೨೩ರ ಆಗಸ್ಟ್ ತಿಂಗಳಲ್ಲಿ ಬರೆದವನು ಅಲ್ಲಿಯ ಕಲೆಕ್ಟರನೂ ತೆಲುಗು ವ್ಯಾಕರಣವೊಂದರ ಕರ್ತೃವೂ ಆಗಿದ್ದ ಅಲೆಗ್ಸಾಂಡರ್ ಡಂಕನ್ ಕ್ಯಾಂಬೆಲ್.

ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಆಗ ೯,೨೭,೮೫೭, ಶಾಲೆಗಳು ೫೩೩, ವಿದ್ಯಾರ್ಥಿಗಳು ೬,೬೪೧. ಶಾಲೆಗಳ ಪೈಕಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದೇ ಒಂದು; ಉಳಿದ ೨೩ ಸಂಸ್ಕೃತ ಪಾಠಶಾಲೆಗಳು. ಹೆಣ್ಣುಮಕ್ಕಳು ಕೇವಲ ೬೦. ಕೂಲಿಮಠದ ದಿನಚರಿಯನ್ನು ಕ್ಯಾಂಬೆಲ್ ಕಣ್ಣಿಗೆ ಕಟ್ಟುವಂತೆ ವಿವರಿಸಿದ್ದಾನೆ. ಮಗುವಿಗೆ ಐದು ವರ್ಷ ತುಂಬಿದಾಗ ಅಕ್ಷರಾಭ್ಯಾಸ; ಬೆಳಗಿನ ಆರು ಗಂಟೆಗೆ ಮಠದ ಆರಂಭ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಯಲ್ಲಿ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂಬಂತೆ ಒಂದು ಸೊನ್ನೆ. ಮೂರನೆಯವನಿಗೆ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆ ಒಂದೊಂದು ಹೆಚ್ಚು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಬಳಿಕ ಕಂಠದಿಂದ ಓಲೆಗರಿಯ ಮೇಲೆ ಬರೆಯುವ ಅಭ್ಯಾಸ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮವನ್ನು ಅವನು ಮನಸಾರೆ ಮೆಚ್ಚಿದ್ದಾನೆ.

ಓದುವ ಗ್ರಂಥಗಳ ಪಟ್ಟಿಯೂ ಆ ವರದಿಯಲ್ಲಿದೆ. ರಾಮಾಯಣ, ಮಹಾಭಾರತ, ಭಾಗವತಗಳ ಜೊತೆಗೆ, ಲಿಂಗಧಾರಿಗಳ ಮಕ್ಕಳು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ ಮೊದಲಾದವನ್ನು ಓದುತ್ತಿದ್ದರೆಂದು ಕ್ಯಾಂಬೆಲ್ ಬರೆದಿದ್ದಾನೆ. ಇದರೊಡನೆ ಅವನು ಒಂದು ಆಕ್ಷೇಪಣೆಯನ್ನೂ ಎತ್ತಿದ್ದಾನೆ. ಹಳೆಯ ಕಾವ್ಯಭಾಷೆಯ ಪದ್ಯಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅರ್ಥವನ್ನು ಅನೇಕ ವೇಳೆ ಗುರುವೂ ಅರಿಯನು. ಆ ಟೀಕೆ ಇಂದಿನ ತರಗತಿಗಳಿಗೆ ಅನ್ವಯಿಸದೆಂದು ಧೈರ್ಯವಾಗಿ ಹೇಳಬಲ್ಲ ಶಿಕ್ಷಕರು ಎಷ್ಟು ಮಂದಿಯೋ ಅವರವರೇ ಯೋಚಿಸತಕ್ಕದ್ದು.

ವರದಿಯ ಅತ್ಯಂತ ಮಹತ್ವದ ಭಾಗ ಕೊನೆಯಲ್ಲಿದೆ. ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಶಾಲೆಗಳಿಲ್ಲ. ಹತ್ತು ಲಕ್ಷಕ್ಕೆ ಸಮೀಪವಾದ ಜನರಲ್ಲಿ ೭,೦೦೦ ಮಕ್ಕಳೂ ಶಾಲೆಯಲ್ಲಿಲ್ಲ. ಇದಕ್ಕೆ ಕಾರಣ ದೇಶ ಕ್ರಮೇಣ ಬಡವಾಗುತ್ತಿರುವುದು. ವಿಲಾಯತಿ ಬಟ್ಟೆ ಬಂದು ನೇಕಾರರ ಕೈಕಟ್ಟಿದುದು. ೫೩೩ ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ. ಹಿಂದಿನ ಅರಸರು ವಿದ್ಯೆಗಾಗಿ ಬಿಟ್ಟಿದ್ದ ಮಾನ್ಯಗಳು ಕಂಪನಿಯ ಆಳ್ವಿಕೆಯಲ್ಲಿ ಕ್ಷೀಣಿಸಿದವೆಂದು ಕಂಪನಿಯ ಅಧಿಕಾರಿಯೇ ತನ್ನ ಸರ್ಕಾರಕ್ಕೆ ಬರೆದನು. ಬಳ್ಳಾರಿಯೇ ಮನ್ರೋ ಏಳು ವರ್ಷ ಆಳಿದ ಸೀಮೆ. ಹತ್ತು ಲಕ್ಷ ವರಹ ಹದಿನೈದು ಲಕ್ಷವಾದ ಲೆಕ್ಕವನ್ನೂ ಮುಚ್ಚಿದ ಕೂಲಿಮಠಗಳ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಆಡಳಿತದ ಒಂದು ಕಟುಸತ್ಯ ಹೊಳೆಯುತ್ತದೆ. ರೈತನ ಕಣಜದಿಂದ ಮಿತಿಮೀರಿ ತೆಗೆದುದರ ಪರಿಣಾಮ ಕಣಜದಲ್ಲಿಯೇ ನಿಲ್ಲುವುದಿಲ್ಲ. ಗುರುವಿಗೆ ತಿಂಗಳಿಗೆ ಕಾಲು ರೂಪಾಯಿ ಕೊಡಲಾರದ ತಂದೆ ಮಗನನ್ನು ಮಠದಿಂದ ಬಿಡಿಸುತ್ತಾನೆ.

ಎಲ್ಲ ಜಿಲ್ಲೆಗಳ ಪಟ್ಟಿಗಳನ್ನು ಕೂಡಿಸಿದಾಗ ಪ್ರಾಂತದಲ್ಲಿ ೧೨,೪೯೮ ಶಾಲೆಗಳೂ ೧,೮೮,೬೫೦ ವಿದ್ಯಾರ್ಥಿಗಳೂ ಇರುವುದು ಕಂಡುಬಂದಿತು. ೧೮೨೬ರ ಮಾರ್ಚ್ ತಿಂಗಳ ಟಿಪ್ಪಣಿಯಲ್ಲಿ ಮನ್ರೋ, ಮನೆಗಳಲ್ಲಿ ಕಲಿಯುವವರನ್ನೂ ಸೇರಿಸಿದರೆ ಗಂಡುಮಕ್ಕಳಲ್ಲಿ ಮೂರರಲ್ಲಿ ಒಬ್ಬನಾದರೂ ವಿದ್ಯೆ ಪಡೆಯುತ್ತಿರಬಹುದೆಂದು ಅಂದಾಜು ಮಾಡಿದನು. ಗುರುಗಳಿಗೆ ತಿಂಗಳಿಗೆ ಆರೇಳು ರೂಪಾಯಿಗಿಂತ ಹೆಚ್ಚು ದೊರೆಯದು. ಇಷ್ಟು ಅಲ್ಪ ಆದಾಯಕ್ಕೆ ಯೋಗ್ಯರು ಆ ವೃತ್ತಿಗೆ ಬರಲಾರರು ಎಂದು ಕೊರತೆಯ ಮೂಲವನ್ನು ಗುರುತಿಸಿದನು. ಪ್ರತಿ ಜಿಲ್ಲೆಗೆ ಎರಡರಂತೆ ೪೦ ಜಿಲ್ಲಾ ಶಾಲೆಗಳು, ಗುರುವಿಗೆ ತಿಂಗಳಿಗೆ ೧೫ ರೂಪಾಯಿ. ೩೦೦ ತಹಶೀಲ್ ಶಾಲೆಗಳು, ಗುರುವಿಗೆ ೯ ರೂಪಾಯಿ. ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿ ಗುರುಗಳನ್ನು ತರಬೇತು ಮಾಡಲು ತಿಂಗಳಿಗೆ ೭೦೦ ರೂಪಾಯಿ. ವರ್ಷಕ್ಕೆ ಒಟ್ಟು ೪೮,೦೦೦ ರೂಪಾಯಿ, ಇದು ಅವನ ಯೋಜನೆ. ಹಣವನ್ನು ಕಟ್ಟಡಗಳಿಗೆಂದು ಕೇಳದೆ ಗುರುಗಳಿಗೂ ಪುಸ್ತಕಗಳಿಗೂ ಕೇಳಿದುದು ಗಮನಾರ್ಹ.

ಯೋಜನೆ ಆರಂಭವಾಯಿತು, ಆದರೆ ಅದನ್ನು ಬೆಳೆಸಲು ಮನ್ರೋ ಉಳಿಯಲಿಲ್ಲ. ಮುನ್ನೂರು ಶಾಲೆಗಳ ಗುರಿ ಮುಟ್ಟುವ ಮೊದಲೇ, ೧೮೩೦ರ ದಶಕದಲ್ಲಿ ಸರ್ಕಾರದ ಒಲವು ಇಂಗ್ಲಿಷ್ ವಿದ್ಯೆಯ ಕಡೆಗೆ ತಿರುಗಿ, ಈ ಶಾಲೆಗಳನ್ನು ಕೈಬಿಡಲಾಯಿತು. ಕಡತಗಳಲ್ಲಿ ಮಲಗಿದ್ದ ಆ ವರದಿಗಳನ್ನು ೧೯೮೩ರಲ್ಲಿ ಧರ್ಮಪಾಲರು ‘ದಿ ಬ್ಯೂಟಿಫುಲ್ ಟ್ರೀ’ ಎಂಬ ಗ್ರಂಥದಲ್ಲಿ ಪ್ರಕಟಿಸಿದ ಮೇಲೆ ಈ ವಿಷಯ ವಿದ್ವಾಂಸರ ನಡುವೆ ಮತ್ತೆ ಚರ್ಚೆಗೆ ಬಂದಿತು.

ಕೊನೆಯ ಪ್ರವಾಸ

೧೮೨೫ರಲ್ಲಿ ಬ್ಯಾರೊನೆಟ್ ಪದವಿ ಪಡೆದ ಮನ್ರೋ, ಬರ್ಮಾ ಯುದ್ಧ ಮುಗಿದ ಮೇಲೆ ನಿವೃತ್ತಿಯನ್ನು ಬಯಸಿದನು. ಉತ್ತರಾಧಿಕಾರಿಯ ಆಗಮನಕ್ಕೆ ಕಾಯುತ್ತಿದ್ದಾಗ ತನ್ನ ಹಳೆಯ ದತ್ತಮಂಡಲದ ಜನರನ್ನು ಕೊನೆಯ ಸಲ ನೋಡಿಬರಲು ೧೮೨೭ರ ಬೇಸಗೆಯಲ್ಲಿ ಹೊರಟನು. ಬಿಡಾರದಲ್ಲಿ ಕಾಲರಾ ಕಾಣಿಸಿಕೊಂಡಿತು. ಗುತ್ತಿಯಿಂದ ಪತ್ತಿಕೊಂಡಕ್ಕೆ ಬಂದವನು ಅಲ್ಲಿ ಜುಲೈ ೬ರಂದು ಅದೇ ರೋಗದಿಂದ ತೀರಿಕೊಂಡನು. ಆಗ ಅವನಿಗೆ ೬೬ ವರ್ಷ. ಗುತ್ತಿಯಲ್ಲಿ ಮಣ್ಣುಮಾಡಿದ ಅವನ ದೇಹವನ್ನು ೧೮೩೧ರಲ್ಲಿ ಮದರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿಗೆ ಸಾಗಿಸಲಾಯಿತು. ಪತ್ತಿಕೊಂಡದಲ್ಲಿ ಅವನ ನೆನಪಿಗಾಗಿ ಬಾವಿಯನ್ನು ಕಟ್ಟಿಸಿ ತೋಪನ್ನು ಬೆಳೆಸಿದರು. ದತ್ತಮಂಡಲದ ರೈತರು ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಡುತ್ತಿದ್ದರು. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳು ಅವನೊಡನೆ ಮಾತನಾಡಿದರೆಂಬ ಐತಿಹ್ಯವೂ ಜನಜನಿತವಾಗಿದೆ. ಚೆನ್ನೈ ನಗರದಲ್ಲಿ ಶಿಲ್ಪಿ ಚಾಂಟ್ರಿ ನಿರ್ಮಿಸಿದ ಅವನ ಅಶ್ವಾರೂಢ ಪ್ರತಿಮೆ ೧೮೩೯ರಿಂದ ನಿಂತಿದೆ.

ಪ್ರತಿಮೆಯಲ್ಲಿರುವವನು ಸೇನಾನಿ. ಆದರೆ ಬಾಳಿದ ಕೆಲಸ ಮಾಡಿದವನು ಹಳ್ಳಿಯ ಚಾವಡಿಯೆದುರು ಡೇರೆ ಹೊಡೆದು ಕುಳಿತು, ಕೇಳಿ, ಎಣಿಸಿ, ಬರೆದುಕೊಂಡ ಅಧಿಕಾರಿ. ಅವನು ಪರರಾಜ್ಯದ ಸೇವಕನಾಗಿದ್ದನು. ಅವನ ಲೆಕ್ಕದ ಮೊದಲ ಫಲ ಆ ರಾಜ್ಯದ ಬೊಕ್ಕಸಕ್ಕೇ ಸೇರಿತು. ಅದು ಅತಿಯಾಯಿತೆಂದು ಕಂಡಾಗ ಅದನ್ನು ಬರೆದು ತಿಳಿಸುವ ಪ್ರಾಮಾಣಿಕತೆಯೂ, ಅಧಿಕಾರ ಬಂದಾಗ ತಿದ್ದುವ ನೆನಪೂ ಅವನಿಗಿದ್ದವು. ಶಾಲೆಗಳ ವಿಷಯದಲ್ಲಿ ಅವನು ಕಂಡುಕೊಂಡ ಸತ್ಯ ಸರಳವಾದುದು. ಮಕ್ಕಳಿಗೆ ಕಲಿಯುವ ಆಸೆಯ ಕೊರತೆ ಎಂದೂ ಇರಲಿಲ್ಲ. ಗುರುವನ್ನು ಪೋಷಿಸುವ ಕೈಗಳ ಕೊರತೆಯಿತ್ತು. ಸರ್ಕಾರದ ಒಲವು ಬದಲಾದೊಡನೆ ಅವನ ಶಾಲೆಗಳು ಮುಚ್ಚಿದವು. ಊರವರು ಗುರುವಿನ ಜೀವನದ ಹೊಣೆ ಹೊತ್ತಿದ್ದ ಕಡೆಗಳಲ್ಲಿ ಕೂಲಿಮಠಗಳು ಬಹುಕಾಲ ಬಾಳಿದವು. ಒಂದು ಶಾಲೆಯನ್ನು ಆರಂಭಿಸುವುದು ಒಬ್ಬ ಅಧಿಕಾರಿಯಿಂದಾದೀತು. ಅದನ್ನು ನೂರು ವರ್ಷ ನಡೆಸುವುದು ಸಮಾಜದ ಕೆಲಸ.